ಪದ್ಮಿನಿ ಕಚ್ಚಿ ಹಿಡಿದದ್ದು

ನನ್ನ ಮೇಜಿನ ಮೇಲೆ ಮೂರು ವಾರದಿಂದ ಅಪ್ಪನ ಪದ್ಮಿನಿ ಕಾರಿನ ಒಂದು ಹಳೆಯ ಟೈ ರಾಡ್ ಎಂಡ್ ಇದೆ, ಸ್ಟೇರಿಂಗ್ ತಿರುಗಿಸಿದ್ದನ್ನು ಮುಂದಿನ ಚಕ್ರಕ್ಕೆ ಮುಟ್ಟಿಸುವ ರಾಡಿನ ತುದಿಯ ಜಾಯಿಂಟ್. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೇನೆ. ಅಂಗೈಯಷ್ಟು ಉದ್ದ. ಒಂದು ತುದಿಯಲ್ಲಿ ಪುಟ್ಟ ಬಟ್ಟಲಿನಂಥ ತಲೆ, ಅದರೊಳಗೆ ಒಂದು ಉಕ್ಕಿನ ಗುಂಡು, ಗುಂಡಿನಿಂದ ಹೊರಟ ಒಂದು ಪಿನ್. ಪಿನ್ ಹಿಡಿದು ಅಲ್ಲಾಡಿಸಿದರೆ ಗುಂಡು ಕಟಕಟ ಅನ್ನುತ್ತದೆ. ಅದು ಸವೆದುಹೋಗಿದೆ. ಅದೇ ಪಿನ್ನಿನಲ್ಲಿ, ಎರಡು ಬೆರಳು ಆಚೆಗೆ, ಲೋಹ ಇವತ್ತು ಅಂಗಡಿಯಿಂದ ತಂದಂತೆ ಹೊಳೆಯುತ್ತದೆ. ಗಾಡಿಯಿಂದ ಬಿಡಿಸಲು ನನಗೆ ಮೂರು ಭಾನುವಾರ ಬೇಕಾದದ್ದು ಆ ಹೊಳೆಯುವ ಜಾಗಕ್ಕೆ.

ಒಂದೇ ಸಾಮಾನು. ಒಂದು ಕಡೆ ಸಡಿಲ, ಇನ್ನೊಂದು ಕಡೆ ಜಪ್ಪಯ್ಯ ಅಂದರೂ ಬಿಡದಷ್ಟು ಬಿಗಿ. ಕಸದ ಬುಟ್ಟಿಗೆ ಹಾಕಬೇಕಾದದ್ದನ್ನು ಇನ್ನೂ ಎದುರಿಗೇ ಇಟ್ಟುಕೊಂಡಿರುವುದು ಈ ಒಂದು ವಿಷಯ ತಲೆಯಿಂದ ಹೋಗದೆ ಇರುವುದಕ್ಕೆ.

ಎರಡು ಬೆರಳಿನ ಆಟ

ಅಪ್ಪನ ಪದ್ಮಿನಿ 1986ರದ್ದು. 1991ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ ಇರುವ ಮಾದರಿ. ನಾನು ಗಾಡಿ ಕಲಿತದ್ದು ಅದರಲ್ಲೇ, ಮೈಸೂರಿನ ಮಾನಸಗಂಗೋತ್ರಿಯ ಮರಗಳ ಕೆಳಗಿನ ರಸ್ತೆಗಳಲ್ಲಿ. ಸ್ಟೇರಿಂಗ್ ಅಂದರೆ ಸದಾ ಆ ಕಡೆ ಈ ಕಡೆ ಸಣ್ಣಗೆ ತಿದ್ದುತ್ತಾ ಇರಬೇಕಾದ ವಸ್ತು ಅಂತ ಅಂದುಕೊಂಡೇ ಕಲಿತೆ. ಅಪ್ಪ ಹಾಗೇ ಓಡಿಸುತ್ತಿದ್ದರು. ಜೋಳಿಗೆಯಲ್ಲಿ ಮಗು ತೂಗುವ ಹಾಗೆ ಅವರ ಎರಡೂ ಕೈ ಸ್ಟೇರಿಂಗ್ ಮೇಲೆ ಆಡುತ್ತಲೇ ಇರುತ್ತಿದ್ದವು. ಮುಂದೆ ಕೆಲಸ ಸಿಕ್ಕಿ ಹೊಸ ಗಾಡಿ ಓಡಿಸಿದ ಮೊದಲ ದಿನ ರಿಂಗ್ ರಸ್ತೆಯಲ್ಲಿ ಅದು ಹಾವಿನ ಹಾಗೆ ಹೋಯಿತು. ಗಾಡಿ ಸರಿಯಾಗಿತ್ತು. ನನ್ನ ಕೈ ಇಲ್ಲದ ಸಡಿಲವನ್ನು ತಿದ್ದುತ್ತಿತ್ತು.

ಈ ಸಡಿಲಕ್ಕೆ ಸ್ಟೇರಿಂಗ್ ಪ್ಲೇ ಅನ್ನುತ್ತಾರೆ. ಅದು ಒಂದು ದಿನದಲ್ಲಿ ಬರುವುದಿಲ್ಲ. ವರ್ಷಕ್ಕೆ ಒಂದು ಕೂದಲೆಳೆಯಷ್ಟು ಬರುತ್ತದೆ. ಗಾಡಿ ಎಷ್ಟು ಸವೆಯುತ್ತದೋ ಓಡಿಸುವವರ ಕೈ ಅಷ್ಟೇ ಕಲಿಯುತ್ತಾ ಹೋಗುತ್ತದೆ. ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಹೋದ ವರ್ಷ ಆಯುಧ ಪೂಜೆಗೆ ಗಾಡಿ ತೊಳೆಯುವಾಗ ಸುಮ್ನೆ ಸ್ಟೇರಿಂಗ್ ತಿರುಗಿಸಿ ನೋಡಿದೆ. ಎರಡು ಬೆರಳಗಲ ತಿರುಗಿಸಿದರೂ ಮುಂದಿನ ಚಕ್ರ ಅಲ್ಲಾಡಲಿಲ್ಲ. ಅಪ್ಪನಿಗೆ ಈಗ ಎಪ್ಪತ್ತನಾಲ್ಕು. ಈಗಲೂ ತಿಂಗಳಿಗೊಮ್ಮೆ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುತ್ತಾರೆ. ಆ ಇಳಿಜಾರು, ಆ ತಿರುವುಗಳು, ಎದುರಿಂದ ಬರುವ ಬಸ್ಸುಗಳು. ಅವತ್ತು ಗಾಡಿಗೆ ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಆಮೇಲೆ ಕೀ ಎತ್ತಿ ನನ್ನ ಬ್ಯಾಗಿಗೆ ಹಾಕಿಕೊಂಡೆ.

ಎಲ್ಲಿ ಸವೆದಿದೆ ಅಂತ ಕಂಡುಹಿಡಿಯುವುದು ಕಷ್ಟವಲ್ಲ. ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಸಣ್ಣಗೆ ಎಡಕ್ಕೆ ಬಲಕ್ಕೆ ಆಡಿಸಬೇಕು. ಇನ್ನೊಬ್ಬರು ಕೆಳಗೆ ಒಂದೊಂದು ಜಾಯಿಂಟ್ ಮೇಲೂ ಕೈಯಿಟ್ಟು ನೋಡಬೇಕು. ಸವೆದ ಜಾಯಿಂಟಿನಲ್ಲಿ ರಾಡ್ ಮೊದಲು ಆಡುತ್ತದೆ, ಅದು ತಿರುಗಿಸುವ ಚಕ್ರದ ಕಡೆಯ ಆರ್ಮ್ ಆಮೇಲೆ ಆಡುತ್ತದೆ. ಆ ನಡುವಿನ ಕ್ಷಣ ಬೆರಳಿಗೆ ಗೊತ್ತಾಗುತ್ತದೆ. ಅಮ್ಮ ಒಳಗೆ ಕೂತಳು, ನಾನು ಚಾಪೆ ಹಾಸಿ ಕೆಳಗೆ ಮಲಗಿದೆ. ಎಡಗಡೆಯ ಹೊರತುದಿ ಪೂರ್ತಿ ಹೋಗಿತ್ತು. ಬಲಗಡೆಯದ್ದು ಅರ್ಧ. ಎರಡಕ್ಕೂ ರಬ್ಬರ್ ಟೋಪಿ ಸೀಳಿ, ಗ್ರೀಸ್ ಇರಬೇಕಾದ ಕಡೆ ಕಪ್ಪು ಮಣ್ಣು ತುಂಬಿತ್ತು.

ಹೊಸ ಸಾಮಾನು ಸಿಗುವುದೇ ದೊಡ್ಡ ವಿಷಯ ಈಗ. ಕುರ್ಲಾದ ಕಾರ್ಖಾನೆಯಲ್ಲಿ ಪದ್ಮಿನಿ ತಯಾರಾಗುವುದು ನಿಂತು ಎರಡು ದಶಕದ ಮೇಲಾಯಿತು. ಅಷ್ಟು ವರ್ಷ ಬಿಡಿ ಸಾಮಾನು ಸಲೀಸಾಗಿ ಸಿಗುತ್ತಿದ್ದದ್ದಕ್ಕೆ ಮುಂಬೈ ಟ್ಯಾಕ್ಸಿಗಳದ್ದೂ ಒಂದು ಪಾಲಿತ್ತು ಅನ್ನೋದು ನನ್ನ ಲೆಕ್ಕ. ಅಲ್ಲಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿದವು. ನನಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ, ಮೇಲಟ್ಟದ ಡಬ್ಬಿಯೊಳಗೆ ಒಂದು ಜೊತೆ ಸಿಕ್ಕಿತು. ಎದೆಗೆ ಅಪ್ಪಿಕೊಂಡು ರೈಲಿನಲ್ಲಿ ತಂದೆ.

ಬಿರಡೆ

ಮೊದಲ ಭಾನುವಾರ. ಗಾಡಿಯ ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕಿಯನ್ನು, ಸೈಜುಗಲ್ಲನ್ನು ನಂಬಿ ಯಾರೂ ಗಾಡಿ ಕೆಳಗೆ ಹೋಗಬಾರದು. ಇದನ್ನು ಕಾಲಿಗೆ ಬಿದ್ದು ಕೇಳಿಕೊಳ್ಳುತ್ತೇನೆ. ಚಕ್ರ ಬಿಚ್ಚಿ, ನಟ್ ಬಿಚ್ಚಿಕೊಳ್ಳದ ಹಾಗೆ ತಡೆಯುವ, ತುಕ್ಕು ಹಿಡಿದ ಸ್ಪ್ಲಿಟ್ ಪಿನ್ ಕಿತ್ತು, ನಟ್ ಬಿಚ್ಚಿದೆ. ನಟ್ ಬಂದ ಮೇಲೆ ಪಿನ್ ತಾನೇ ಬೀಳುತ್ತದೆ ಅಂತ ಕಾದೆ. ಬೀಳಲಿಲ್ಲ. ಸುತ್ತಿಗೆ ತೆಗೆದುಕೊಂಡು ಪಿನ್ನಿನ ತುದಿಗೆ ಕೆಳಗಿನಿಂದ ಹೊಡೆದೆ. ಇಪ್ಪತ್ತು ಏಟು, ಮೂವತ್ತು ಏಟು. ಪಿನ್ ಒಂದು ಚೂರೂ ಕದಲಲಿಲ್ಲ. ಥ್ರೆಡ್ ಇದ್ದ ತುದಿ ಅಣಬೆಯ ಹಾಗೆ ಅರಳಿಕೊಂಡಿತು. ಇನ್ನು ಆ ನಟ್ ಅಲ್ಲಿಗೆ ವಾಪಸ್ ಹೋಗುವ ಹಾಗೇ ಇರಲಿಲ್ಲ. ಹಳೆಯದನ್ನೇ ಮತ್ತೆ ಕೂರಿಸಿ ಗಾಡಿ ಎಲ್ಲಿಗಾದರೂ ಒಯ್ಯುವ ದಾರಿ ಅಲ್ಲಿಗೆ ಮುಚ್ಚಿತು.

ತುಕ್ಕು ಅಂದುಕೊಂಡೆ. ಕಬ್ಬಿಣ ತುಕ್ಕಾದರೆ ಊದಿಕೊಳ್ಳುತ್ತದೆ, ಮೊದಲಿನ ಎರಡು ಪಟ್ಟಿಗೂ ಜಾಸ್ತಿ ಜಾಗ ಕೇಳುತ್ತದೆ, ಅದಕ್ಕೇ ಹಳೆಯ ನಟ್ಟು ಬೋಲ್ಟು ಕಚ್ಚಿಕೊಳ್ಳುವುದು. ವಾರವಿಡೀ ದಿನಾ ಸಂಜೆ ಎಣ್ಣೆ ಬಿಟ್ಟೆ. ಒಂದು ದಿನ ಸ್ಪ್ರೇ, ಒಂದು ದಿನ ಸೀಮೆಎಣ್ಣೆಗೆ ಇಂಜಿನ್ ಆಯಿಲ್ ಬೆರೆಸಿದ್ದು. ಎರಡನೇ ಭಾನುವಾರ ಮತ್ತೆ ಹೊಡೆದೆ. ಏನೂ ಆಗಲಿಲ್ಲ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹೊಸ ಟೈ ರಾಡ್ ಎಂಡನ್ನು ಅಮ್ಮನ ಕೈಗೆ ಕೊಟ್ಟು ತೋರಿಸಿದೆ. ಪಿನ್ ನೆಟ್ಟಗಿಲ್ಲ ನೋಡು, ಗುಂಡಿನ ಕಡೆ ದಪ್ಪ, ನಟ್ಟಿನ ಕಡೆ ಸಣ್ಣ. ಆರ್ಮ್‌ನಲ್ಲಿರೋ ತೂತೂ ಹಾಗೇ ಇದೆ. ನಟ್ ಬಿಗಿ ಮಾಡಿದಷ್ಟೂ ಪಿನ್ ತೂತಿನೊಳಗೆ ಎಳೆದುಕೊಂಡು ಕೂರುತ್ತೆ. ಅಮ್ಮ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಬಿರಡೆ ಥರ ತಾನೇ?" ಅಂದಳು.

ಅಮ್ಮ ಮದುವೆಗೆ ಮುಂಚೆ ಒಂಬತ್ತು ವರ್ಷ ವೀಣೆ ಕಲಿತವಳು. ಅವಳ ವೀಣೆ ಈಗಲೂ ನಡುಮನೆಯ ಮೂಲೆಯಲ್ಲಿದೆ. ಎದ್ದು ಹೋಗಿ ಅದರ ತಂತಿ ಬಿಗಿಸುವ ಬಿರಡೆ ತೋರಿಸಿದಳು. ಅದೂ ಹೀಗೇ, ಬುಡ ದಪ್ಪ, ತುದಿ ಸಣ್ಣ. ತೂತಿಗೆ ಒತ್ತಿ ಕೂರಿಸಬೇಕು, ಮೊಳೆಯಿಲ್ಲ, ಅಂಟಿಲ್ಲ, ಸ್ಕ್ರೂ ಇಲ್ಲ. ತಂತಿ ಎಷ್ಟೇ ಎಳೆದರೂ ಬರೀ ಮರ ಮರವನ್ನು ಹಿಡಿದು ನಿಲ್ಲುತ್ತದೆ. "ಮಳೆಗಾಲದಲ್ಲಿ ಕಚ್ಚಿಕೊಂಡುಬಿಡುತ್ತೆ. ಆವಾಗ ನಮ್ಮ ಮೇಷ್ಟ್ರು ಬಿರಡೇನ ಎಳೀಬೇಡ ಅಂತಿದ್ರು. ಎಳೆದ್ರೆ ಮುರಿಯುತ್ತೆ."

ಅಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಇದು ಕೆಟ್ಟುಹೋಗಿ ಕಚ್ಚಿಕೊಂಡದ್ದಲ್ಲ. ಕಚ್ಚಿಕೊಳ್ಳಲಿ ಅಂತಲೇ ಮಾಡಿದ್ದು. ಪಿನ್ನಿನ ಓರೆ ಕಡಿಮೆ ಇದ್ದಷ್ಟೂ ಹಿಡಿತ ಜಾಸ್ತಿ, ಒಂದು ಮಟ್ಟದ ಕೆಳಗೆ ನಟ್ ಬಿಚ್ಚಿದರೂ ಹಿಡಿತ ಹಾಗೇ ಇರುತ್ತದೆ. ಸ್ಟೇರಿಂಗ್‌ನಲ್ಲಿ ಈ ಏರ್ಪಾಡು ಯಾಕೆ ಅಂತ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ನೆಟ್ಟಗಿನ ತೂತು, ನೆಟ್ಟಗಿನ ಬೋಲ್ಟ್ ಆಗಿದ್ದರೆ ನಡುವೆ ಕೂದಲಷ್ಟು ಜಾಗ ಇದ್ದೇ ಇರುತ್ತದೆ. ರಸ್ತೆಯ ಪ್ರತಿ ಗುಂಡಿಗೂ ಅದು ಬಡಿದುಕೊಂಡು ತೂತನ್ನೇ ಅಗಲ ಮಾಡುತ್ತದೆ. ಈ ಓರೆ ಪಿನ್ನಿಗೆ ಆ ಜಾಗವೇ ಇಲ್ಲ. ನಮ್ಮ ಗಾಡಿಯಲ್ಲಿ ಆಡಬೇಕಾದ ಗುಂಡು ಆಡಿ ಆಡಿ ಸವೆದಿತ್ತು. ಆಡಬಾರದ ಪಿನ್ ಮೂವತ್ತೆಂಟು ವರ್ಷ ಒಂದು ಕೂದಲೂ ಆಡಿರಲಿಲ್ಲ. ನಾನು ಎರಡು ವಾರ ಬೈದುಕೊಂಡು ಹೊಡೆದದ್ದು ಅಪ್ಪ ಅಮ್ಮನನ್ನು ಇಷ್ಟು ವರ್ಷ ಬೆಟ್ಟ ಹತ್ತಿಸಿ ಇಳಿಸಿದ ಆ ಹಿಡಿತವನ್ನು.

ಗಾಲಿಗೆ ಪಟ್ಟೆ ಹಾಕಿದ ದಿನ

ಇಷ್ಟು ಗೊತ್ತಾದ ಮೇಲೂ ನನ್ನ ತಲೆ ಹೋದದ್ದು ಬೆಂಕಿಯ ಕಡೆಗೆ. ಅದಕ್ಕೆ ಕಾರಣ ನಮ್ಮ ಅಜ್ಜಿಯ ಊರು.

ಪಾಂಡವಪುರದ ಆಚೆ, ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಊರು. ಕಬ್ಬು ಕಡಿಯುವ ಕಾಲ ಬಂತೆಂದರೆ ಎತ್ತಿನ ಗಾಡಿಗಳದ್ದೇ ಸಾಲು. ನಾನು ಏಳೋ ಎಂಟೋ ವಯಸ್ಸಿನಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ಒಂದು ಬೆಳಗ್ಗೆ ಊರಿನ ಆಚಾರ್ರು ಕುಲುಮೆಯ ಮುಂದಿನ ಬಯಲಿನಲ್ಲಿ ಗಾಲಿಗಳಿಗೆ ಪಟ್ಟೆ ಹಾಕಿದರು. ಕಬ್ಬಿಣದ ಪಟ್ಟೆಯನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಬೆರಣಿ ಒಟ್ಟಿ ಬೆಂಕಿ ಕೊಟ್ಟಿದ್ದರು. ನಾವು ಮಕ್ಕಳು ಹುಣಸೆ ಮರದ ಹತ್ತಿರ ನಿಂತಿದ್ದೆವು, ಮುಂದೆ ಬರಬೇಡಿ ಅಂತ ಗದರಿಸಿದ್ದರು. ಪಟ್ಟೆ ಕೆಂಪಗಾದಾಗ ಮೂವರು ಉದ್ದ ಇಕ್ಕಳದಲ್ಲಿ ಎತ್ತಿ ಮರದ ಗಾಲಿಯ ಮೇಲೆ ಇಟ್ಟರು. ತಣ್ಣಗಿದ್ದಾಗ ಗಾಲಿಗಿಂತ ಚಿಕ್ಕದಾಗಿದ್ದ ಪಟ್ಟೆ ಈಗ ಸಲೀಸಾಗಿ ಕೆಳಗಿಳಿಯಿತು. ಮರ ಹೊಗೆಯಾಡಿತು. ಹೆಂಗಸರು ಕೊಡ ಕೊಡ ನೀರು ತಂದು ಸುತ್ತಲೂ ಸುರಿದರು. ಚುಯ್ ಅಂದ ಆ ಸದ್ದು, ಆ ಹಬೆ, ಅದರ ಹಿಂದೆಯೇ ಇಡೀ ಗಾಲಿ ಕಿರ್ರ್ ಅಂದು ಬಿಗಿದುಕೊಂಡ ಸದ್ದು. ಆರೆಕಾಲುಗಳೆಲ್ಲ ಗಾಲಿಯ ನಡುವಿನ ಗುಂಭದೊಳಗೆ ಇನ್ನಷ್ಟು ಒಳಗೆ ಹೋಗಿ ಕೂತವು. ಆಚಾರ್ರು ಕೋಲಿನಿಂದ ಗಾಲಿಗೆ ತಟ್ಟಿ ಸದ್ದು ಕೇಳಿ ತಲೆ ಆಡಿಸಿದರು. ಆ ತಲೆ ಆಡಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಐದಡಿ ಅಡ್ಡಳತೆಯ ಆ ಪಟ್ಟೆ 500 ಡಿಗ್ರಿ ಕಾದರೆ ಅಡ್ಡಳತೆಯಲ್ಲಿ ಸುಮಾರು 9 ಮಿಲಿಮೀಟರ್ ಹಿಗ್ಗುತ್ತದೆ. ಲೆಕ್ಕ ಮಾಡಿ ನೋಡಿದೆ. ಕಬ್ಬಿಣ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲು ಬೆಳೆಯುತ್ತದೆ. ಟೈ ರಾಡ್ ಕೂತಿರುವ ತೂತು ಇರುವುದು ಬೆರಳಷ್ಟು. ಕುದಿಯುವ ನೀರು ಸುರಿದರೆ ಅದು ಹಿಗ್ಗುವುದು ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಅಷ್ಟಕ್ಕೇ ಹಿಡಿತ ಸಡಿಲವಾಗಬಹುದು, ಅದು ಬೇರೆ ಮಾತು. ಆದರೆ ಗ್ಯಾಸ್ ಬೆಂಕಿ ಹಿಡಿದು ಕೆಂಪಗೆ ಕಾಯಿಸುವುದಿದೆಯಲ್ಲ, ಅದನ್ನು ಸ್ಟೇರಿಂಗ್ ಆರ್ಮ್‌ಗೆ ಮಾಡಲೇಬಾರದು. ಆ ಆರ್ಮ್ ಕಾರ್ಖಾನೆಯಲ್ಲಿ ಹದ ಹಾಕಿದ ಉಕ್ಕು. ಕೆಂಪಗೆ ಕಾದರೆ ಆ ಹದ ಹೋಗುತ್ತದೆ, ನೋಡಲು ಮಾತ್ರ ಮೊದಲಿನ ಹಾಗೇ ಇರುತ್ತದೆ. ಪಕ್ಕದಲ್ಲೇ ಬ್ರೇಕ್ ಹೋಸ್, ಗ್ರೀಸ್, ರಬ್ಬರ್ ಬೇರೆ. ಗಾಲಿಯ ಪಟ್ಟೆ ಸಡಿಲವಾದರೆ ಗಾಡಿ ಹೊಲದ ದಾರಿಯಲ್ಲಿ ನಿಲ್ಲುತ್ತದೆ. ಇದು ಮುರಿದರೆ ಚಕ್ರ ತನ್ನ ಪಾಡಿಗೆ ತಿರುಗುತ್ತದೆ. ನಾನು ಫೋನ್ ಮಾಡಿದ ಒಂದು ಗ್ಯಾರೇಜಿನಲ್ಲಿ "ಗ್ಯಾಸ್ ಹಿಡಿದು ಕೆಂಪಗೆ ಮಾಡಿ, ಇಲ್ಲಾಂದ್ರೆ ಕಟ್ ಮಾಡಿ ಬಿಸಾಕಿ" ಅಂದರು. ನನಗೆ ತುಂಬ ಬೇಜಾರಾಯಿತು. ಅಷ್ಟು ಸುಲಭವಾಗಿ ಹೇಳುವ ಮಾತಲ್ಲ ಅದು.

ಹಿಡಿದ ಕೈ

ಮಂಡಿ ಮೊಹಲ್ಲಾದಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಈಗ ಶೆಡ್ ಮಗನ ಕೈಯಲ್ಲಿದೆ, ಅವರು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಸ್ಕ್ರೂ ಬಿಗಿ ಮಾಡಿ ಪಿನ್ನನ್ನು ಒತ್ತಿ ಬಿಡಿಸುವ ಪುಲ್ಲರ್ ಬಾಡಿಗೆಗೆ ಕೇಳಲು ಹೋದೆ. ನಾನು ಹೇಳಿದ್ದನ್ನೆಲ್ಲ ಕೇಳಿ, ಫೋನಿನಲ್ಲಿ ತೆಗೆದ ಫೋಟೋ ನೋಡಿ, ಅಣಬೆಯಾದ ಪಿನ್ ಮೇಲೆ ಬೆರಳಿಟ್ಟರು.

"ಇದಕ್ಕೆ ಯಾಕಮ್ಮಾ ಹೊಡೆದ್ರಿ? ಪಾಪ, ಇದೇನು ಮಾಡಿದೆ? ಹಿಡ್ಕೊಂಡಿರೋದು ಇದಲ್ಲ. ಹಿಡ್ಕೊಂಡಿರೋ ಕೈ ಇದು." ಬೆರಳು ಆರ್ಮ್‌ನ ಕಣ್ಣಿಗೆ, ಅಂದರೆ ಪಿನ್ ಕೂತಿರುವ ತೂತಿನ ಸುತ್ತಿನ ಲೋಹಕ್ಕೆ, ಜಾರಿತು. "ಕೈಗೆ ಹೊಡೀರಿ. ಪಕ್ಕದಿಂದ. ಹಿಂದ್ಗಡೆ ಇನ್ನೊಂದು ಸುತ್ತಿಗೆ ಕೊಡಿ, ದೊಡ್ಡದು. ಎರಡು ಸುತ್ತಿಗೆ ನಡುವೆ ಕಣ್ಣು ಒಂದ್ಸಲ ಅಮುಕಿದ್ರೆ ಸಾಕು."

ಬಾಡಿಗೆ ಬೇಡ ಅಂದರು. ಜಾಯಿಂಟ್ ಬಿಡಿಸುವ ಕವಲು ತುದಿಯ ಫೋರ್ಕ್ ಕೂಡ ಇತ್ತು, ಕೊಡಲಿಲ್ಲ. ಅದನ್ನು ಜಾಯಿಂಟಿನ ನಡುವೆ ಹೊಡೆದು ತೂರಿಸಿದರೆ ರಬ್ಬರ್ ಹರಿದೇ ಹರಿಯುತ್ತದೆ. ಬಿಸಾಡುವ ಸಾಮಾನಿಗಾದರೆ ಪರವಾಗಿಲ್ಲ, ಆದರೆ ಒಮ್ಮೆ ಅಭ್ಯಾಸವಾದರೆ ಒಳ್ಳೆಯದಕ್ಕೂ ಅದೇ ಕೈಗೆ ಬರುತ್ತೆ ಅಂದರು.

ಮೂರನೇ ಭಾನುವಾರ ಬೆಳಗ್ಗೆ ಅಣಬೆಯಾದ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡಿದೆ. ಪುಲ್ಲರ್ ಕೂರಿಸಿ, ಸ್ಪ್ಯಾನರ್ ಹಾಕಿ, ಬಿಗಿ ಮಾಡಿದೆ. ಇನ್ನು ತಿರುಗಿಸಿದರೆ ಏನಾದರೂ ಮುರಿಯುತ್ತೆ ಅನ್ನಿಸುವ ತನಕ. ನಟ್ ಇದ್ದಿದ್ದರೆ ನಾಲ್ಕು ಸುತ್ತು ಹಾಕಿ ಬಿಡಬೇಕಿತ್ತು, ಬಿಟ್ಟುಕೊಂಡಾಗ ಹಾರಬಾರದು ಅಂತ. ನಮ್ಮದಕ್ಕೆ ಅದು ಆಗದ್ದರಿಂದ ರಾಡನ್ನು ಹಗ್ಗದಲ್ಲಿ ಸಡಿಲವಾಗಿ ಕಟ್ಟಿ, ಪುಲ್ಲರಿಗೆ ಗೋಣಿ ಸುತ್ತಿದೆ. ಕನ್ನಡಕ ಹಾಕಿಕೊಂಡೆ. ಅಪ್ಪ ಕುರ್ಚಿ ಹಾಕಿಕೊಂಡು ಸ್ವಲ್ಪ ದೂರ ಕೂತಿದ್ದರು. ಅವರಿಗೆ ಬಗ್ಗಲು ಆಗುವುದಿಲ್ಲ. ಅಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡ ಸುತ್ತಿಗೆ ತೆಗೆದುಕೊಂಡಳು. ಎರಡು ಕೆಜಿ ತೂಕದ್ದು. ಅದರ ಮುಖವನ್ನು ಕಣ್ಣಿನ ಹಿಂಭಾಗಕ್ಕೆ ಒತ್ತಿ ಹಿಡಿದಳು. ಕೈ ನಡುಗುತ್ತೆ, ಗಟ್ಟಿ ಹಿಡ್ಕೋ ಅಮ್ಮ ಅಂದೆ. "ನಾನು ಒರಳಿನಲ್ಲಿ ಎಷ್ಟು ಕುಟ್ಟಿದ್ದೀನಿ ಗೊತ್ತಾ ನಿಂಗೆ" ಅಂದಳು.

ಮೊದಲ ಏಟು ಠಣ್ ಅಂತು. ಎರಡನೆಯದೂ ಠಣ್. ಗಂಟೆ ಹೊಡೆದ ಹಾಗೆ ಉದ್ದನೆಯ ಸದ್ದು, ಇಡೀ ಗಾಡಿ ಒಂದೇ ಲೋಹದ ತುಂಡು ಅನ್ನುವ ಹಾಗೆ. ಮೂರು, ನಾಲ್ಕು. ಕೆಟಲ್‌ನಲ್ಲಿ ಕುದಿಯುತ್ತಿದ್ದ ನೀರನ್ನು ಕಣ್ಣಿನ ಮೇಲೆ ಒಮ್ಮೆಗೇ ಸುರಿದೆ, ಒಳಗಿನ ಪಿನ್ ಕಾಯುವ ಮುಂಚೆ ಹೊರಗಿನದ್ದು ಕಾಯಲಿ ಅಂತ. ಐದನೇ ಏಟಿಗೆ ಸದ್ದು ಬದಲಾಯಿತು. ಠಪ್. ಮೊಂಡು ಸದ್ದು. ಜೊತೆಗೇ ಪುಲ್ಲರ್ ಪಟ್ ಅಂತ ಗೋಣಿಯೊಳಗೆ ಬಿತ್ತು, ರಾಡ್ ಹಗ್ಗದಲ್ಲಿ ತೂಗಾಡಿತು.

ಅಪ್ಪ ಕುರ್ಚಿಯಿಂದಲೇ "ಬಂತಾ?" ಅಂದರು. ಅವರಿಗೂ ಸದ್ದು ಗೊತ್ತಾಗಿತ್ತು.

ನಾನು ಪಿನ್ನನ್ನು ಎರಡು ಬೆರಳಲ್ಲಿ ಎತ್ತಿ ಹೊರತೆಗೆದೆ. ಯಾವ ಬಲವೂ ಬೇಕಾಗಲಿಲ್ಲ. ತೂತಿನ ಅಂಚಿನಲ್ಲಿ ಮಾತ್ರ ತುಕ್ಕಿನ ಸಣ್ಣ ಉಂಗುರ. ಒಳಗೆ ಬೆಳ್ಳಗೆ, ಹೊಳಪು, ಒಣ. ಒಂದು ವಾರ ಬಿಟ್ಟ ಎಣ್ಣೆಯ ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಹೋಗಲು ಜಾಗ ಎಲ್ಲಿತ್ತು? ನಾನು ಎರಡು ವಾರ ಗುದ್ದಾಡಿದ ತುಕ್ಕು ಅಲ್ಲಿ ಇರಲೇ ಇಲ್ಲ. ಬಲಗಡೆಯದ್ದು ಅರ್ಧ ಗಂಟೆಯಲ್ಲಿ ಬಂತು, ಎರಡೇ ಏಟಿಗೆ.

ಆಮೇಲಿನದ್ದು ಹೆಚ್ಚು ಹೇಳುವಂಥದ್ದಲ್ಲ, ಒಂದು ವಿಷಯ ಬಿಟ್ಟು. ಹಳೆಯದನ್ನು ರಾಡಿನಿಂದ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಲೇಬೇಕು, ಹೊಸದನ್ನು ಅಷ್ಟೇ ಸುತ್ತು ಹಾಕಬೇಕು. ಇಲ್ಲದಿದ್ದರೆ ಚಕ್ರಗಳ ಮೂತಿ ಎತ್ತಲೋ ಇರುತ್ತದೆ. ಒಂದು ತುದಿಯ ಥ್ರೆಡ್ ಎಡಗೈ ಥ್ರೆಡ್ ಆಗಿರುತ್ತದೆ, ಉಲ್ಟಾ ತಿರುಗಿಸಬೇಕು, ಅದನ್ನು ಮೊದಲೇ ನೋಡಿಕೊಳ್ಳಿ. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಒಂಟಿಕೊಪ್ಪಲ್ ಪಂಚಾಂಗ. ಅದರ ಅಂಚಿನಲ್ಲಿ ಎಡ 17, ಬಲ 15 ಮುಕ್ಕಾಲು ಅಂತ ಬರೆದಿಟ್ಟೆ. ಹೊಸ ಪಿನ್ ಕೂರಿಸುವ ಮುಂಚೆ ತೂತನ್ನೂ ಪಿನ್ನನ್ನೂ ಒಣ ಬಟ್ಟೆಯಲ್ಲಿ ಒರೆಸಿದೆ. ಅಲ್ಲಿ ಗ್ರೀಸ್ ಹಚ್ಚಬಾರದು. ನಟ್ ಬಿಗಿ ಮಾಡಿ, ಸ್ಪ್ಲಿಟ್ ಪಿನ್ನಿನ ತೂತು ಸೇರದಿದ್ದರೆ ಇನ್ನಷ್ಟು ಬಿಗಿ ಮಾಡಬೇಕೇ ಹೊರತು ಸಡಿಲ ಮಾಡಬಾರದು. ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು, ಎರಡು ರೂಪಾಯಿಯ ಸಾಮಾನು.

ಸ್ಟೇರಿಂಗ್ ಬಾಕ್ಸಿನಿಂದ ಹೊರಟು ರಾಡುಗಳನ್ನು ಆಡಿಸುವ ಡ್ರಾಪ್ ಆರ್ಮ್‌ನಲ್ಲೂ ಸ್ವಲ್ಪ ಆಟ ಇತ್ತು. ಅದನ್ನು ನಾನು ಮುಟ್ಟಲಿಲ್ಲ. ಅಲ್ಲಿ ಹೊಡೆದ ಏಟು ನೇರವಾಗಿ ಬಾಕ್ಸಿನೊಳಗಿನ ರೋಲರ್, ಬೇರಿಂಗುಗಳಿಗೆ ಹೋಗುತ್ತದೆ. ಗಾಡಿಯನ್ನು ಮೆಲ್ಲಗೆ ಚಾಚಾ ಅವರ ಶೆಡ್ಡಿಗೆ ಒಯ್ದೆ. ಅವರು ಗುರುತು ಹಾಕಿ, ಪುಲ್ಲರ್ ಬಿಗಿ ಮಾಡಿ, ಹಾಗೇ ಬಿಟ್ಟು ಮನೆಗೆ ಹೋದರು. ಬೆಳಗ್ಗೆ ಬಂದು ನೋಡುವಷ್ಟರಲ್ಲಿ ತಾನೇ ಬಿಟ್ಟುಕೊಂಡಿತ್ತು. ಅಲ್ಲಿಂದ ಅಲೈನ್‌ಮೆಂಟ್ ಮಾಡಿಸಿಕೊಂಡು ಮನೆಗೆ ಬಂದೆ.

ಬೆಟ್ಟ

ಹೋದ ಮಂಗಳವಾರ ಅಪ್ಪನಿಗೆ ಕೀ ವಾಪಸ್ ಕೊಟ್ಟೆ. ಮೂವರೂ ಬೆಟ್ಟಕ್ಕೆ ಹೋದೆವು. ನಾನು ಹಿಂದಿನ ಸೀಟಿನಲ್ಲಿ ನಡುವೆ ಕೂತು, ಅವರ ಕೈ ನೋಡುತ್ತಿದ್ದೆ. ಊರು ದಾಟುವ ತನಕ ಗಾಡಿ ಸ್ವಲ್ಪ ಆ ಕಡೆ ಈ ಕಡೆ ಆಗುತ್ತಿತ್ತು. ಅವರ ಕೈ ಹಳೆಯ ಅಭ್ಯಾಸದಂತೆ ತಿದ್ದುತ್ತಿತ್ತು, ಈಗ ಗಾಡಿ ಆ ಪ್ರತಿಯೊಂದು ತಿದ್ದುವಿಕೆಯನ್ನೂ ಕೇಳುತ್ತಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಹತ್ತುವ ದಾರಿಯಲ್ಲಿ ಎರಡು ತಿರುವು ಆದ ಮೇಲೆ ಕೈ ನಿಧಾನವಾಯಿತು. ದೇವಸ್ಥಾನದಲ್ಲಿ ಜನ ಜಾಸ್ತಿ ಇರಲಿಲ್ಲ, ಬೇಗ ದರ್ಶನ ಆಯಿತು.

ಇಳಿಯುವಾಗ ನಂದಿಗೆ ಹೋಗುವ ದಾರಿ ಸೇರುವ ಕಡೆ ಎದುರಿಗೆ ಬಸ್ ಬಂತು. ಅಪ್ಪ ಸ್ಟೇರಿಂಗನ್ನು ಒಂದೇ ಸಲ, ಬೇಕಾದಷ್ಟೇ, ಎಡಕ್ಕೆ ತಿರುಗಿಸಿದರು. ಬಸ್ ಹೋದ ಮೇಲೆ ನೆಟ್ಟಗೆ ತಂದರು. ಎರಡೂ ಕೈ ಸ್ಟೇರಿಂಗ್ ಮೇಲೆ ಅಲುಗಾಡದೆ ಇದ್ದವು. ಕೆಳಗೆ ಮೈಸೂರಿನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಅಮ್ಮ ಕಿಟಕಿ ಇಳಿಸಿ, ಪ್ರಸಾದದ ಪೊಟ್ಟಣ ಬಿಚ್ಚಿ, ನನ್ನ ಕಡೆ ಹಿಂದಕ್ಕೆ ಚಾಚಿದಳು.